ಸ್ಟೇಟಸ್ ಬದಲು ಸೂಸಲಾ: ಒಬ್ಬ ಐಸಿಯು ಸಿಸ್ಟರ್ ಅನುಭವ

ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಐಸಿಯು ಇನ್‌ಚಾರ್ಜ್. ಮೂರೂ ಪಾಳಿ ಸೇರಿ ಇಪ್ಪತ್ತರ ಆಸುಪಾಸು ಸ್ಟಾಫ್. ರೋಗಿ ತೀರಿಕೊಂಡ ರಾತ್ರಿ ವಾಟ್ಸಾಪ್ ಸ್ಟೇಟಸ್ ಹಾಕುವ ಅಭ್ಯಾಸ ನಮ್ಮಲ್ಲಿ ನಿಂತು ವರ್ಷದ ಮೇಲಾಯಿತು. ಮೊದಲು ತಿಂಗಳಿಗೆ ಒಂದಾದರೂ ತಕರಾರು ಬರುತ್ತಿತ್ತು. ಈಗ ಇಲ್ಲ. "ಇದೆಲ್ಲಾ ಎರಡು ವಾರ ನಡೀತದ ನೋಡ್ರಿ" ಅಂದಿದ್ದ ನಮ್ಮ ಸರ್ ಅವರೇ ಈಗ "ಬೇರೆ ವಾರ್ಡಿನವರಿಗೂ ಹೇಳಿಕೊಡ್ರಿ ಸಿಸ್ಟರ್" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗೌಪ್ಯತೆಯ ಪಾಠ ನಿಮಗೆ ಬೇಕಾಗಿಲ್ಲ. ಎಲ್ಲರೂ ನರ್ಸಿಂಗ್ ಕಲಿಯುವಾಗ ದೀಪ ಹಿಡಿದು, ರೋಗಿಯ ಗುಟ್ಟು ಕಾಯುತ್ತೇನೆ ಅನ್ನುವ ನೈಟಿಂಗೇಲ್ ಪ್ರತಿಜ್ಞೆ ಹೇಳಿದವರೇ. ತೊಂದರೆ ಇರುವುದು "ಹೆಸರು ಹಾಕಿಲ್ವಲ್ಲ" ಅನ್ನುವ ಧೈರ್ಯದಲ್ಲಿ. ಬೆಂಗಳೂರಿನಲ್ಲಿ ಅದು ನಡೆದೀತು. ನಮ್ಮ ಜಿಲ್ಲೆಯಲ್ಲಿ ಇಂಡಿ ಕಡೆ ಲಿಂಬೆ ಅಂದರೆ, ತಿಕೋಟಾ ಕಡೆ ದ್ರಾಕ್ಷಿ ಅಂದರೆ ಅರ್ಧ ಗುರುತು ಸಿಕ್ಕ ಹಾಗೆ. ಉಳಿದರ್ಧ ಮರುದಿನದ ಪೇಪರಿನಲ್ಲಿ ಇರುತ್ತದೆ. ಸೋಲಾಪುರ ಹೈವೇಯಲ್ಲಿ ಎಷ್ಟು ಗಂಟೆಗೆ ಯಾವ ಗಾಡಿ ಉರುಳಿತು ಅಂತ ಅವರು ಬರೆದಿರುತ್ತಾರೆ, ನಮ್ಮ ಹುಡುಗಿ "ಇವತ್ತು ಕೈಯಲ್ಲೇ ಒಂದು ಜೀವ ಹೋಯಿತು" ಅಂತ ಹಾಕಿರುತ್ತಾಳೆ. ಎರಡೂ ಜೋಡಿಸೋಕೆ ಪೊಲೀಸರೇ ಬೇಕಾ?

ಒಮ್ಮೆ ಬೆಳೆಗೆ ಹೊಡೆಯುವ ಔಷಧ ಕುಡಿದ ಕೇಸಿನ ಬಗ್ಗೆ ಸ್ಟೇಟಸ್ ಬಿತ್ತು. ಬೆಳೆ ಯಾವುದು, ಮಕ್ಕಳೆಷ್ಟು, ಇಷ್ಟೇ ಇತ್ತು. ಮನೆಯವರು ಬಂದು ನಿಂತರು. "ಅಕ್ಕಾರ, ಊರಾಗ ಎದಿ ಹಿಡಕೊಂಡು ಹೋದ್ರು ಅಂತ ಹೇಳೀವ್ರಿ. ನೀವ್ಯಾಕ ಬರದ್ರಿ?" ಉತ್ತರ ಕೊಡಲು ಯಾರಿಗೂ ಬಾಯಿ ಬರಲಿಲ್ಲ. ಬರೆದ ಹುಡುಗಿಯೂ ಕೆಟ್ಟವಳಲ್ಲ. ಆ ರೋಗಿಗೆ ಎರಡು ರಾತ್ರಿ ವಿಷಕ್ಕೆ ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾ ನಿಂತವಳು ಅವಳೇ. ಹಾಸ್ಟೆಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಎದುರಿಗೆ ಇದ್ದದ್ದು ಫೋನ್ ಒಂದೇ.

ಮೊದಲು ಮಾಡಿದ್ದು ಬಂದೋಬಸ್ತು. ನೋಟಿಸ್ ಅಂಟಿಸಿದೆವು, ಸ್ಟೇಟಸ್ ಹಾಕಿದರೆ 200 ರೂಪಾಯಿ ದಂಡ. ಡಬ್ಬಿಯಲ್ಲಿ ಏಳೆಂಟು ನೂರು ಕೂಡಿತು. ಆಮೇಲೆ ಒಂದೂ ಸ್ಟೇಟಸ್ ಕಾಣಲಿಲ್ಲ. ಗೆದ್ದೆವು ಅಂತ ಖುಷಿಯಾಯಿತು. ಆದರೆ ಎಲ್ಲರೂ ನನ್ನ ನಂಬರ್ ಒಂದನ್ನು ಬಿಟ್ಟು ಉಳಿದವರಿಗೆ ಕಾಣುವ ಹಾಗೆ ಸೆಟ್ಟಿಂಗ್ ಬದಲಿಸಿಕೊಂಡಿದ್ದರು. ಹೇಳಿದ್ದು ಕ್ಯಾಂಟೀನಿನವನು! ಅವನಿಗೆ ಎಲ್ಲಾ ಕಾಣುತ್ತಿತ್ತು.

ಆಮೇಲೆ ಸ್ಟಾಫಿಗೆ ಮಾತ್ರ ಅಂತ ಒಂದು ಗುಂಪು ಮಾಡಿದೆವು, ಅಲ್ಲೇ ಬರೆದು ಹಗುರಾಗಲಿ ಅಂತ. ತಿಂಗಳು ತುಂಬುವುದರೊಳಗೆ ಅದರ ಸ್ಕ್ರೀನ್‌ಶಾಟ್ ರೋಗಿಯ ಅಳಿಯನ ಫೋನಿನಲ್ಲಿತ್ತು. ನಮ್ಮ ಸ್ಟಾಫ್ ಒಬ್ಬರ ಚಿಕ್ಕಮ್ಮನ ಮಗ ಆ ಮನೆಯವರ ಸಂಬಂಧಿ. ಈ ಭಾಗದಲ್ಲಿ ಯಾರು ಯಾರಿಗೆ ಬೀಗರು ಅಂತ ಲೆಕ್ಕ ಇಡೋಕಾಗಲ್ಲ. ಗುಂಪು ಮುಚ್ಚಿದೆ.

ಮೂರನೆಯದು ದುಬಾರಿ. ಹೊರಗಿನಿಂದ ಕೌನ್ಸೆಲರ್ ಕರೆಸಿದೆವು. ಫೀ ಐದು ಸಾವಿರ, ಊಟ, ಬ್ಯಾನರ್, ಶಾಲು, ಒಟ್ಟು ಎಂಟು ಸಾವಿರದ ಹತ್ತಿರ ಹೋಯಿತು. ಅವರು ಚೆನ್ನಾಗಿಯೇ ಮಾತಾಡಿದರು. ನಮ್ಮವರು ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಬ್ಯಾನರ್ ಮುಂದೆ ಫೋಟೋ ತೆಗೆಸಿಕೊಂಡು ಅದನ್ನೇ ಸ್ಟೇಟಸ್ ಹಾಕಿದರು.

ಇನ್ನು ಕೆಲಸಕ್ಕೆ ಬಂದದ್ದು. ಐಸಿಯುನಲ್ಲಿ ಸಾವು ಆದರೆ ಮರುದಿನದ ಒಳಗೆ, ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಹ್ಯಾಂಡೋವರ್ ಮುಗಿದ ಮೇಲೆ, ಬೆಡ್‌ಶೀಟ್ ಇಡುವ ಲಿನನ್ ರೂಮಿನಲ್ಲಿ ಇಪ್ಪತ್ತು ನಿಮಿಷ ಕೂರುತ್ತೇವೆ. ಆ ರೋಗಿಯನ್ನು ನೋಡಿಕೊಂಡವರು ಮಾತ್ರ, ಆಯಾ ಮತ್ತು ವಾರ್ಡ್‌ಬಾಯ್ ಸೇರಿ. ಫೋನುಗಳು ಸ್ಟೀಲ್ ಡಬ್ಬಿಗೆ, ನನ್ನದು ಎಲ್ಲಕ್ಕಿಂತ ಮೊದಲು. ಚಹಾ, ಸೂಸಲಾ (ನೆನೆಸಿದ ಚುರುಮುರಿ ಒಗ್ಗರಣೆ), ಮಿರ್ಚಿ. ತಿನ್ನೋದು ಸುಮ್ನೆ ಅಲ್ಲ, ಕೈಗೆ ಕೆಲಸ ಇದ್ದರೆ ಬಾಯಿ ಬಿಚ್ಚುತ್ತದೆ.

ಷರತ್ತು ಒಂದೇ: ಏನು ತಪ್ಪಾಯಿತು ಅನ್ನುವ ಮಾತು ಅಲ್ಲಿ ಬೇಡ. ಇಂಜೆಕ್ಷನ್ ಲೇಟಾಯಿತಾ, ಟ್ಯೂಬ್ ಯಾರು ನೋಡಲಿಲ್ಲ, ಅದೆಲ್ಲ ಸಾವಿನ ಕಾರಣ ಪರಿಶೀಲಿಸುವ ಡೆತ್ ಆಡಿಟ್ ಸಭೆಯಲ್ಲಿ. ಇಲ್ಲಿ "ನನಗೆ ಏನಾಯಿತು" ಮಾತ್ರ. ಇದನ್ನು ಬೇರೆ ಮಾಡೋಕೆ ಎರಡು ಮೂರು ತಿಂಗಳೇ ಹಿಡಿಯಿತು. ಮೊದಮೊದಲು ಹಗಲು ಪಾಳಿ, ರಾತ್ರಿ ಪಾಳಿ ಜಗಳವಾಡಿ ಮಿರ್ಚಿ ಹಾಗೇ ಆರಿಹೋಗುತ್ತಿತ್ತು. ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ, ಅದರಿಂದಲೇ ಮಾತು ಶುರುವಾಗುತ್ತದೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಹುಡುಗಿಯರು ಇದನ್ನು ಓದಿದರೆ ಮುಂದಿನ ಸಲ ನಕ್ಕುಬಿಡುತ್ತಾರೆ. ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದೂ ಒಂದಿದೆ, ಅದೂ ನನ್ನ ಹತ್ತಿರವೇ ಇರಲಿ.

ಆಮೇಲೆ ಗೊತ್ತಾಯಿತು, ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಅನ್ನುವ ಮನೋವಿಶ್ಲೇಷಕರು 1950ರ ದಶಕದಲ್ಲೇ ಡಾಕ್ಟರುಗಳನ್ನು ಹೀಗೆ ಸುತ್ತ ಕೂರಿಸಿ ರೋಗಿಗಳ ಬಗ್ಗೆ ತಮಗೆ ಅನಿಸಿದ್ದನ್ನು ಮಾತಾಡಿಸುತ್ತಿದ್ದರಂತೆ. ನಮ್ಮ ಸರ್‌ಗೆ ಹೇಳಿದೆ. ಲಂಡನ್ ಅಂದ ಮೇಲೆ ಅವರೂ ಬಂದು ಕೂತರು.

ಇಷ್ಟಾದರೂ ಕೆಲವರಿಗೆ ಬರೆಯಲೇಬೇಕು. ಬರೆಯಲಿ, ನಾನು ಬೇಡ ಅನ್ನಲ್ಲ. ಕಾಗದದ ಮೇಲೆ ಬರೆದು ಒಂದು ವಾರ ನನ್ನ ಡ್ರಾಯರಿನಲ್ಲಿ ಇಡಬೇಕು. ಅರ್ಧಕ್ಕರ್ಧ ಜನ ವಾಪಸ್ ಕೇಳುವುದೇ ಇಲ್ಲ. ಕೇಳಿದರೆ ಅದು ನಮ್ಮ ಲ್ಯಾಬ್ ಹುಡುಗನ ಕೈಗೆ ಹೋಗುತ್ತದೆ. ಅವನೂ ಆಸ್ಪತ್ರೆಯವನೇ, ಸಿಂದಗಿ, ಇಂಡಿ, ಮುದ್ದೇಬಿಹಾಳ ಎಲ್ಲಾ ಕಡೆ ನೆಂಟರಿದ್ದಾರೆ. ಯಾರ ಬಗ್ಗೆ ಬರೆದದ್ದು ಅಂತ ಅವನು ಊಹೆ ಮಾಡಬೇಕು. ಗುರುತು ಹಿಡಿದರೆ, ಯಾವುದರಿಂದ ಹಿಡಿದ ಅಂತ ಕೇಳಿ ಆ ಸಾಲು ಹೊಡೆದುಹಾಕುತ್ತೇವೆ. ಮತ್ತೆ ಓದಿಸುತ್ತೇವೆ. ಕೊನೆಗೆ ಉಳಿಯುವುದು ಬರೆದವಳ ನಿದ್ದೆ ಕೆಟ್ಟದ್ದು, ಅವಳು ಊಟ ಬಿಟ್ಟದ್ದು, ಅವಳ ಅಪ್ಪ ನೆನಪಾದದ್ದು. ಅದನ್ನು ಹಾಕಿಕೊಳ್ಳಲಿ, ಅದು ಅವಳದ್ದೇ. ರೋಗಿಯ ಕಡೆಯಿಂದ ಒಂದು ಪದವೂ ಇರುವುದಿಲ್ಲ. ಫೋಟೋ ಅಂತೂ ಯಾವುದೂ ಇಲ್ಲ, ಖಾಲಿ ಬೆಡ್ ಕೂಡ. ಎಚ್‌ಐವಿ, ಮಾನಸಿಕ ಕಾಯಿಲೆ, ಗರ್ಭಪಾತ, ಅತ್ಯಾಚಾರದ ಕೇಸು ಬಂದರೆ ಈ ಆಟವೂ ಇಲ್ಲ. ಆ ಕಾಗದ ಲ್ಯಾಬ್ ಹುಡುಗನ ತನಕವೂ ಹೋಗಲ್ಲ, ಅಲ್ಲೇ ಹರಿದುಹಾಕುತ್ತೇನೆ. ಅವಕ್ಕೆಲ್ಲ ಬೇರೆ ಬೇರೆ ಕಾನೂನೇ ಇದೆ.

ಮಧ್ಯೆ ಒಬ್ಬಳು ಜಾಣತನ ಮಾಡಿದಳು. ವಿವರ ತೆಗೆಯೋದು ಯಾಕೆ, ಬದಲಿಸೋಣ ಅಂದಳು. ಗಂಡಸನ್ನು ಹೆಂಗಸು ಮಾಡಿ, ಊರನ್ನು ಜಮಖಂಡಿ ಕಡೆ ಒಯ್ದಳು. ಲ್ಯಾಬ್ ಹುಡುಗನಿಗೆ ಗುರುತು ಸಿಗಲಿಲ್ಲ, ಹಾಕಿದೆವು. ಮೂರನೇ ದಿನ ನಿಜವಾಗಿ ಜಮಖಂಡಿಯಿಂದಲೇ ಒಂದು ಫೋನ್: "ನಮ್ಮವ್ವನ ಸುದ್ದಿ ನಿಮಗ ಹೆಂಗ ಗೊತ್ತಾತ್ರಿ?" ಅವರನ್ನು ನಾವು ನೋಡಿಯೂ ಇಲ್ಲ! ಅಂದಿನಿಂದ ತೆಗೆಯುವುದು ಮಾತ್ರ.

ಮನೆಯವರ ಒಪ್ಪಿಗೆ ಕೇಳಿದರೆ ಆಗಲ್ವಾ ಅಂತ ಕೇಳುತ್ತೀರಿ. ಕೇಳಿ ನೋಡಿದ್ದೇವೆ. ಆ ಹೊತ್ತಿನಲ್ಲಿ ಅವರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ, ಬಾಡಿ ಬೇಗ ಸಿಕ್ಕರೆ ಸಾಕು ಅಂತ. ಅದು ಒಪ್ಪಿಗೆಯಾ? ಕಾರ್ಯ ಮುಗಿದ ಮೇಲೆ ಕೇಳಿದಾಗ ಮಗ ಹೂಂ ಅಂದ, ತಮ್ಮ ಜಗಳಕ್ಕೆ ಬಂದ. ಬಿಟ್ಟುಬಿಟ್ಟೆವು.

ಬೇರೆಯವೂ ಮಾಡಿ ನೋಡಿದೆವು. ಅಮೆರಿಕದ ವರ್ಜೀನಿಯಾದಲ್ಲಿ ಜೋನಾಥನ್ ಬಾರ್ಟೆಲ್ಸ್ ಅನ್ನುವ ನರ್ಸ್ ಒಬ್ಬರು, ರೋಗಿ ತೀರಿಕೊಂಡ ಕೂಡಲೇ ಇಡೀ ತಂಡ ಅಲ್ಲೇ ಒಂದು ನಿಮಿಷದಷ್ಟು ಸುಮ್ಮನೆ ನಿಲ್ಲುವ ಪದ್ಧತಿ ಶುರು ಮಾಡಿದರು. ನಮ್ಮಲ್ಲಿ ಮನೆಯವರು ಒಳಗೆ ಬಂದ ಮೇಲೆ ಸುಮ್ಮನೆ ಅನ್ನುವ ಮಾತೇ ಇಲ್ಲ, ಎದೆ ಬಡಿದುಕೊಂಡು ಅಳುತ್ತಾರೆ. ಹಾಗಾಗಿ ಅವರನ್ನು ಕರೆಯುವ ಮುಂಚೆ, ಮೈಗೆ ಹಾಕಿದ ನಳಿಕೆಗಳನ್ನು ತೆಗೆದ ಮೇಲೆ, ಅರ್ಧ ನಿಮಿಷ ನಿಲ್ಲುತ್ತೇವೆ. ದುಡ್ಡು ಖರ್ಚಿಲ್ಲದ ಬಾಬ್ತು, ಉಳಿದುಕೊಂಡಿದೆ. ಇನ್ನೊಂದು, ಅಮೆರಿಕದ ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಅವರ 1986ರ ಪ್ರಯೋಗದ ಹಾಗೆ ದಿನಕ್ಕೆ ಹದಿನೈದು ನಿಮಿಷ, ನಾಲ್ಕು ದಿನ, ಮನಸ್ಸಿನ ಭಾರ ಬರೆಯುವುದು. ಅವರ ಪ್ರಯೋಗದಲ್ಲೂ ಬರೆದ ತಕ್ಷಣ ಜನರಿಗೆ ಬೇಜಾರು ಹೆಚ್ಚಾಗಿತ್ತು, ಲಾಭ ಕಂಡದ್ದು ತಿಂಗಳುಗಳ ಮೇಲೆ. ನಮ್ಮವರು ಎರಡನೇ ದಿನಕ್ಕೇ "ಬ್ಯಾಡ್ರಿ ಸಿಸ್ಟರ್, ಜಾಸ್ತಿ ಅಳು ಬರ್ತದ" ಅಂದರು. ನಿಲ್ಲಿಸಿದೆವು.

ಡಾಕ್ಟರುಗಳಿಗೆ ಒಂದು ಮಾತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ನಿಯಮಗಳಲ್ಲಿ ಸೋಶಿಯಲ್ ಮೀಡಿಯಾ ಬಗ್ಗೆಯೇ ಒಂದು ಭಾಗ ಇತ್ತು. ಅದೇ ತಿಂಗಳು ತಡೆಹಿಡಿದರು. ನಮ್ಮಲ್ಲಿ ಒಬ್ಬರು "ಹಂಗಾದ್ರ ರೂಲೇ ಇಲ್ಲ" ಅಂದರು. ಡಾಕ್ಟರುಗಳ ನಡವಳಿಕೆಗೆ ಇರುವ 2002ರ ನಿಯಮದಲ್ಲೇ ರೋಗಿಯ ಗುಟ್ಟು ಹೊರಹಾಕಬಾರದು ಅಂತ ಇದೆ ಸರ್. ಅದಕ್ಕೆ ವಾಟ್ಸಾಪ್ ಹೆಸರು ಬರೆದಿರಬೇಕಾ?

ದುಡ್ಡಿನ ವಿಷಯ. ಒಂದು ಸಲ ಕೂತರೆ ಇನ್ನೂರು, ಇನ್ನೂರೈವತ್ತು ರೂಪಾಯಿ. ತಿಂಗಳಿಗೆ ಒಂದೂವರೆ ಸಾವಿರ ಅಂದಾಜು. ಆಡಳಿತದವರು ಮೊದಲು ಕಡ್ಡಿ ಮುರಿದ ಹಾಗೆ ಇಲ್ಲ ಅಂದರು. ದಂಡದ ಡಬ್ಬಿಯ ದುಡ್ಡಿನಿಂದ ಶುರು ಮಾಡಿ, ಆಮೇಲೆ ತಲೆಗೆ 50 ಹಾಕಿ, ಕಡಿಮೆ ಬಿದ್ದದ್ದು ನಾನು ಕೊಟ್ಟೆ. ಹೋದ ವರ್ಷ ಲೆಕ್ಕ ತೋರಿಸಿದೆ: ಒಬ್ಬ ಸ್ಟಾಫ್ ಬಿಟ್ಟು ಹೋದರೆ ಹೊಸಬಳಿಗೆ ವೆಂಟಿಲೇಟರ್ ಕೈ ಕೂಡಲು ಮೂರು ತಿಂಗಳು ಬೇಕು, ಅಷ್ಟು ದಿನದ ಸಂಬಳ ಎಷ್ಟು? ರಾಜೀನಾಮೆ ಬರೆದಿಟ್ಟಿದ್ದ ಇಬ್ಬರೋ ಮೂವರೋ ಉಳಿದಿದ್ದರು, ಅವರನ್ನೇ ಕರೆದು ನಿಲ್ಲಿಸಿದೆ. ಈಗ ತಿಂಗಳಿಗೆ ಸಾವಿರ ಕೊಡುತ್ತಾರೆ.

ಕೂತು ಮಾತಾಡಿದರೂ ಸರಿಹೋಗದವರು ಇರುತ್ತಾರೆ. ಎರಡು ವಾರ ನಿದ್ದೆ ಬರದಿದ್ದರೆ ನಾನು ಸಮಾಧಾನ ಹೇಳುತ್ತಾ ಕೂರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನನ್ನೆದುರೇ ಫೋನ್ ಹಚ್ಚಿಸಿ ಹೊರಗೆ ನಡೆಯುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ.

ರಾತ್ರಿ ಪಾಳಿಯದು ಇನ್ನೂ ಕುದುರಿಲ್ಲ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸಿದವರು ಮಧ್ಯಾಹ್ನದ ತನಕ ಕಾಯುತ್ತಾರಾ? ಬ್ರದರ್‌ಗಳಂತೂ (ಗಂಡು ನರ್ಸ್‌ಗಳು) ಬೈಕ್ ಕೀ ಕೈಯಲ್ಲೇ ಹಿಡಿದಿರುತ್ತಾರೆ. ಈಗ ಬೆಳಿಗ್ಗೆಯೇ ಉಪ್ಪಿಟ್ಟು ತರಿಸಿ ಹತ್ತು ನಿಮಿಷ ಕೂರಿಸಿ ನೋಡುತ್ತಿದ್ದೇನೆ. ಉಪ್ಪಿಟ್ಟು ಖಾಲಿಯಾಗುತ್ತಿದೆ, ಮಾತು ಅಷ್ಟಕ್ಕಷ್ಟೇ.