ಮಧ್ಯಾಹ್ನವೇ ಹೊತ್ತು ಮುಳುಗುವ ಊರಿಗೆ ಹೊರಟವರಿಗೆ

ಸ್ವೀಡನ್‌ನ ಸ್ಟಾಕ್‌ಹೋಮ್‌ಗೆ ಬಂದ ಮೊದಲ ಡಿಸೆಂಬರ್. ಒಂದು ಶನಿವಾರ ದಾವಣಗೆರೆಯಿಂದ ಅಮ್ಮನ ವಿಡಿಯೊ ಕಾಲ್ ಬಂತು. ನನ್ನ ಹಿಂದಿನ ಕಿಟಕಿಯಲ್ಲಿ ಕಗ್ಗತ್ತಲು ಕಂಡು, "ಏನೇ, ಅಲ್ಲೂ ರಾತ್ರಿ ಆಯ್ತಾ? ಊಟ ಆಯ್ತಾ?" ಅಂದಳು.

"ಇಲ್ಲಮ್ಮ, ಇಲ್ಲಿ ಇನ್ನೂ ನಾಲ್ಕು ಗಂಟೆ. ಈಗಷ್ಟೇ ಮಧ್ಯಾಹ್ನದ ಪಾತ್ರೆ ತೊಳೆದೆ."

ನಂಬಲಿಲ್ಲ. ಫೋನ್ ತಿರುಗಿಸಿ ಗೋಡೆ ಗಡಿಯಾರ ತೋರಿಸಬೇಕಾಯಿತು.

ಕನ್ನಡದಲ್ಲಿ ನಾವು ಸೂರ್ಯನಿಗೂ ಹೊತ್ತು ಅಂತೀವಿ, ಸಮಯಕ್ಕೂ ಹೊತ್ತು ಅಂತೀವಿ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡದು 12 ಗಂಟೆ 50 ನಿಮಿಷ. ಇಷ್ಟು ಸಣ್ಣ ವ್ಯತ್ಯಾಸ ಇರುವ ಕಡೆ ಎರಡಕ್ಕೂ ಒಂದೇ ಪದ ಸಾಕು. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್ 21ರ ಆಸುಪಾಸು ಸೂರ್ಯ ಬೆಳಗ್ಗೆ 8.45ಕ್ಕೆ ಹುಟ್ಟಿ ಮಧ್ಯಾಹ್ನ 2.50ಕ್ಕೆಲ್ಲ ಮುಳುಗುತ್ತಾನೆ. ಇರುವ ಆರು ಗಂಟೆಯಲ್ಲೂ ನೆತ್ತಿಗೆ ಬರುವುದಿಲ್ಲ. ನಡುಮಧ್ಯಾಹ್ನದಲ್ಲೂ ಎದುರಿನ ಕಟ್ಟಡದ ಮಾಳಿಗೆ ದಾಟಲಾರ. ಜೂನ್‌ನಲ್ಲಿ ಇದೆಲ್ಲ ತಲೆಕೆಳಗು. ಬೆಳಗಿನ ಜಾವ 3.30ಕ್ಕೆ ಹುಟ್ಟಿದವನು ರಾತ್ರಿ 10 ಗಂಟೆ ದಾಟಿದ ಮೇಲೆಯೇ ಮುಳುಗುವುದು.

ಕೆನಡಾದಲ್ಲಿ ಫಿನ್‌ಲೆಂಡ್ ಮೂಲದ ತಂದೆತಾಯಿಗೆ ಹುಟ್ಟಿದ ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ ಇದ್ದರು. 'ಕಲ್ಚರ್ ಶಾಕ್' ಎಂಬ ಮಾತು ಹೆಸರಾದದ್ದು 1960ರಲ್ಲಿ ಪ್ರಕಟವಾದ ಅವರ ಲೇಖನದಿಂದ. ಯಾವಾಗ ಕೈ ಕುಲುಕಬೇಕು, ಯಾವಾಗ ಸುಮ್ಮನಿರಬೇಕು ಎಂದು ದಿನವಿಡೀ ನಮಗೆ ಹೇಳಿಕೊಡುವ ನೂರಾರು ಸಣ್ಣ ಗುರುತುಗಳು ಒಮ್ಮೆಲೇ ಇಲ್ಲವಾದಾಗ ಆಗುವ ಕಸಿವಿಸಿ ಅದು ಎಂದರು ಅವರು. ನನ್ನ ಅನುಭವದಲ್ಲಿ ಸೂರ್ಯನೂ ಅಂಥದ್ದೇ ಒಂದು ಗುರುತು. ಯಾವಾಗ ಹಸಿವಾಗಬೇಕು, ಯಾವಾಗ ನಿದ್ದೆ ಬರಬೇಕು ಅಂತ ಹೇಳುತ್ತಿದ್ದವನು ಅವನೇ ಅಲ್ವಾ?

1. ಗಡಿಯಾರ ಒಂದು ಕಡೆ, ಸೂರ್ಯ ಒಂದು ಕಡೆ

ಮೊದಲ ಕೆಲಸ, ಕತ್ತಲಾಯಿತು ಅಂತ ದಿನ ಮುಗಿಸುವುದನ್ನು ಬಿಡುವುದು. ಮೊದಲ ವರ್ಷ ನಾನು ಮಾಡಿದ್ದು ಅದೇ ತಪ್ಪು. ಐದಕ್ಕೆ ಅಡುಗೆ, ಆರಕ್ಕೆ ಊಟ, ಏಳೂವರೆಗೆ ಹಾಸಿಗೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಫೀಸಿನಲ್ಲಿ ತೂಕಡಿಕೆ. ಏಳುವ, ಉಣ್ಣುವ, ಮಲಗುವ ಸಮಯವನ್ನು ಊರಿನಲ್ಲಿ ಇದ್ದ ಹಾಗೇ ಇಡಿ. ಭಾನುವಾರ ಹತ್ತರವರೆಗೆ ಮಲಗಿದರೆ ಹಗಲು ಅಲ್ಲಿಗೇ ಒಂದು ಗಂಟೆಗಿಂತ ಜಾಸ್ತಿ ಕಳೆದುಹೋಗಿರುತ್ತದೆ. ಆರು ಗಂಟೆಯ ಹಗಲಿನಲ್ಲಿ ಅದು ದೊಡ್ಡ ನಷ್ಟ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಐದೂಕಾಲಿಗೆ ಮುಳುಗಿದ ಸೂರ್ಯ ಭಾನುವಾರ ನಾಲ್ಕೂಕಾಲಿಗೇ ಮುಳುಗುತ್ತಾನೆ. ಊರಿಗೂ ಇಲ್ಲಿಗೂ ಇರುವ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ "ಯಾಕೆ ಫೋನ್ ಎತ್ತಲಿಲ್ಲ" ಅಂತ ಗಾಬರಿಯಾಗುತ್ತಾರೆ.

2. ಮಧ್ಯಾಹ್ನದ ಬೆಳಕು ಹಿಡಿಯಿರಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಊಟದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡ ಇರಲಿ, ತುಂತುರು ಇರಲಿ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಮನೆ ದೀಪದ ಬೆಳಕು ಹೆಚ್ಚೆಂದರೆ ಕೆಲವು ನೂರು ಲಕ್ಸ್. ಮೋಡ ಕವಿದ ಮಧ್ಯಾಹ್ನವೂ ಹೊರಗಿನ ಬೆಳಕು ಸಾವಿರದ ಲೆಕ್ಕದಲ್ಲಿರುತ್ತದೆ. ಕಣ್ಣಿಗೆ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಕಣ್ಣಿಗೆ ಬೀಳುವ ಬೆಳಕು ನೋಡಿಕೊಂಡೇ ಮೆದುಳು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಅನ್ನು ಬಿಡುವುದು, ತಡೆಯುವುದು. ಆ ಬೆಳಕು ಸಿಗದಿದ್ದರೆ ದಿನವಿಡೀ ಮಂಪರು.

ಬೆಳಗ್ಗೆ ಏಳುವುದೇ ಕಷ್ಟ ಅನ್ನುವವರು 10,000 ಲಕ್ಸ್‌ನ ಬೆಳಕಿನ ದೀಪ ಕೊಳ್ಳಬಹುದು. ಎದ್ದ ತಕ್ಷಣ ಇಪ್ಪತ್ತು, ಮೂವತ್ತು ನಿಮಿಷ ಅದರ ಮುಂದೆ ಕೂತು ಕಾಫಿ ಕುಡಿಯಿರಿ, ಪೇಪರ್ ಓದಿ. ದೀಪವನ್ನೇ ದಿಟ್ಟಿಸಬೇಡಿ. ಸಂಜೆ ಹಚ್ಚಬೇಡಿ, ನಿದ್ದೆ ಕೆಡುತ್ತದೆ. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಬಾರದು.

ಇನ್ನೊಂದು ಮಾತು. ಎಲ್ಲರೂ ಡಿಸೆಂಬರ್, ಜನವರಿಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ನವೆಂಬರ್ ಅದಕ್ಕಿಂತ ಕೆಟ್ಟದ್ದು. ಎಲೆ ಉದುರಿರುತ್ತದೆ, ಹಿಮ ಬಿದ್ದಿರುವುದಿಲ್ಲ, ಒದ್ದೆ ರಸ್ತೆ ಇದ್ದ ಬೆಳಕನ್ನೂ ನುಂಗುತ್ತದೆ. ಹಿಮ ಬಿದ್ದರೆ ಬೀದಿದೀಪದ ಬೆಳಕಿಗೇ ಊರು ಬೆಳ್ಳಗಾಗುತ್ತದೆ. ಹಾಗಾಗಿ ಊರಿಗೆ ಬಂದುಹೋಗುವ ಟಿಕೆಟ್ ಬುಕ್ ಮಾಡುವಾಗ ನವೆಂಬರನ್ನೂ ಒಮ್ಮೆ ಯೋಚಿಸಿ.

3. ಜಾಕೆಟ್ ಊರಿನಲ್ಲಿ ಕೊಳ್ಳಬೇಡಿ

ಬೆಂಗಳೂರಿನ ಒಂದು ಅಂಗಡಿಯಲ್ಲಿ "ಮೈನಸ್ ಇಪ್ಪತ್ತಕ್ಕೂ ಸಾಕು ಮೇಡಂ" ಅಂತ ಕೊಟ್ಟ ದಪ್ಪ ಜಾಕೆಟ್ ನನ್ನ ಸೂಟ್‌ಕೇಸಿನ ಅರ್ಧ ನುಂಗಿತ್ತು. ಇಲ್ಲಿ ಮೊದಲ ಗಾಳಿಮಳೆಗೇ ಒಳಗೆಲ್ಲ ನೀರು. ಬರುವಾಗ ವಿಮಾನ ನಿಲ್ದಾಣದಿಂದ ಮನೆ ಸೇರುವಷ್ಟು ಬೆಚ್ಚಗಿದ್ದರೆ ಸಾಕು. ಉಳಿದದ್ದು ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯದೇ ಸಿಗುತ್ತದೆ. ಬೇರೆಯವರು ಹಾಕಿದ್ದನ್ನು ಹಾಕುವುದಕ್ಕೆ ಇಲ್ಲಿ ಯಾರಿಗೂ ನಾಚಿಕೆ ಇಲ್ಲ.

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ಮೇಲು. ಮೈಗೆ ಅಂಟಿಕೊಂಡು ತೆಳು ಉಣ್ಣೆಯದು, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್. ಒಳಗೆ ಹತ್ತಿ ಬನಿಯನ್ ಬೇಡ. ಬಸ್ಸಿಗೆ ಓಡಿ ಬೆವರಿದರೆ ಅದು ಒದ್ದೆಯಾಗಿಯೇ ಉಳಿದು ಬೆನ್ನು ಕೊರೆಯುತ್ತದೆ. ಮನೆ, ಆಫೀಸು, ಬಸ್ಸು ಎಲ್ಲದರ ಒಳಗೂ ಇಪ್ಪತ್ತು ಡಿಗ್ರಿಯ ಆಸುಪಾಸು ಬೆಚ್ಚಗಿರುತ್ತದೆ. ಬಿಚ್ಚಲು ಆಗದ ಬಟ್ಟೆ ಹಾಕಿಕೊಂಡರೆ ಒಳಗೆ ಬೆಂದುಹೋಗುತ್ತೀರಿ.

ಬೂಟು ಒಂದು ಸೈಜ್ ದೊಡ್ಡದಿರಲಿ, ಉಣ್ಣೆಯ ಕಾಲುಚೀಲಕ್ಕೆ ಜಾಗ ಬೇಕು. ಹಿಮಕ್ಕಿಂತ ಅಪಾಯ ಹಿಮ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಮಂಜುಗಡ್ಡೆ. ಫುಟ್‌ಪಾತ್ ಸುಮ್ನೆ ಒದ್ದೆಯಾದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಗಾಜು. ಎರಡನೇ ಚಳಿಗಾಲದಲ್ಲಿ ಹಾಲು ತರಲು ಹೋದವಳು ನಮ್ಮ ಮನೆ ಮೆಟ್ಟಿಲ ಬುಡದಲ್ಲೇ ಬಿದ್ದೆ. ಹಾಲಿನ ಪ್ಯಾಕೆಟ್ ಒಡೆಯಲಿಲ್ಲ, ಮಣಿಕಟ್ಟು ಮೂರು ವಾರ ಊದಿತ್ತು. ಆಮೇಲೆ ಬೂಟಿಗೆ ಸಿಕ್ಕಿಸುವ ಮೊಳೆ ಪಟ್ಟಿ ತಂದೆ. ಇಲ್ಲಿ ಅದಕ್ಕೆ 'ಬ್ರೊಡ್ಡರ್' ಅಂತಾರೆ. ಅಜ್ಜಂದಿರು ಹಾಕುವುದು ಅಂತ ನಗುವವರು ನಗಲಿ. ಜಾರದಿರಲಿ ಅಂತ ಫುಟ್‌ಪಾತ್ ಮೇಲೆ ಸಣ್ಣ ಜಲ್ಲಿಯನ್ನೂ ಚೆಲ್ಲುತ್ತಾರೆ. ಅದಿರುವ ಕಡೆಯೇ ಹೆಜ್ಜೆ ಇಡಿ. ವಸಂತದಲ್ಲಿ ಆ ಜಲ್ಲಿಯನ್ನು ಗುಡಿಸುವ ಗಾಡಿಯ ಸದ್ದು ಕೇಳಿದರೆ ಚಳಿಗಾಲ ಕಳೆಯಿತು ಅಂತ ಲೆಕ್ಕ.

ಕೋಟಿಗೊಂದು ರಿಫ್ಲೆಕ್ಟರ್ ನೇತುಹಾಕಿ. ಕಪ್ಪು ಕೋಟು, ಕಪ್ಪು ರಸ್ತೆ, ಕಾರಿನವರಿಗೆ ನೀವು ಕಾಣುವುದಿಲ್ಲ.

4. ಅಡುಗೆಮನೆಯೂ ಹೊಂದಿಕೊಳ್ಳಬೇಕು

ಊರಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿಯಿಂದ ಹೊರಗೆ ಬರುವುದಿಲ್ಲ. ಅದು ಗಟ್ಟಿಯಾಗುವುದು 24 ಡಿಗ್ರಿಯ ಆಸುಪಾಸು, ಮನೆಯೊಳಗೆ ಅಷ್ಟೂ ಇರುವುದಿಲ್ಲ. ಅಗಲ ಬಾಯಿಯ ಡಬ್ಬಿಗೆ ಹಾಕಿ, ಚಮಚದಲ್ಲಿ ಕೆರೆದುಕೊಳ್ಳಿ. ಹೀಟರ್‌ನಿಂದ ಗಾಳಿ ಒಣಗಿ ಚರ್ಮ ಬಿರಿಯುತ್ತದೆ, ಸ್ನಾನ ಆದ ತಕ್ಷಣ ಅದೇ ಎಣ್ಣೆ ಸವರಿ.

ದೋಸೆ ಹಿಟ್ಟು ಅಡುಗೆ ಕಟ್ಟೆಯ ಮೇಲಿಟ್ಟರೆ ಎರಡು ದಿನವಾದರೂ ಉಬ್ಬುವುದಿಲ್ಲ. ಓವನ್ ಹಚ್ಚದೆ, ಅದರೊಳಗಿನ ಬಲ್ಬ್ ಮಾತ್ರ ಹಾಕಿ ರಾತ್ರಿ ಅಲ್ಲಿಡಿ. ಬೆಳಗ್ಗೆ ಉಕ್ಕಿ ಬಂದಿರುತ್ತದೆ. ಕೆಳಗೊಂದು ತಟ್ಟೆ ಇಡುವುದು ಮರೆಯಬೇಡಿ. ಮೊಸರಿಗೆ ಹೆಪ್ಪು ಹಾಕಿದ ಪಾತ್ರೆಯೂ ಅಲ್ಲೇ.

ವಿಟಮಿನ್ ಡಿ ಬಗ್ಗೆ ಮಾತ್ರ ಉದಾಸೀನ ಬೇಡ. ಚಳಿಗಾಲದ ತಿಂಗಳುಗಳಲ್ಲಿ ಇಲ್ಲಿನ ಬಿಸಿಲಿಗೆ ಚರ್ಮದಲ್ಲಿ ಅದನ್ನು ಹುಟ್ಟಿಸುವ ಶಕ್ತಿ ಇರುವುದಿಲ್ಲ. ನಮ್ಮಂಥ ಕಂದು ಚರ್ಮದವರಿಗೆ ಬೇಸಿಗೆಯಲ್ಲೂ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಇಲ್ಲಿನವರಿಗೆ ಮೀನಿನಿಂದ ಒಂದಷ್ಟು ಸಿಗುತ್ತದೆ, ಸಸ್ಯಾಹಾರಿಗಳಿಗೆ ಅದೂ ಇಲ್ಲ. ದೊಡ್ಡವರಿಗೆ ಇಲ್ಲಿ ಹೇಳುವ ಲೆಕ್ಕ ದಿನಕ್ಕೆ 10 ಮೈಕ್ರೋಗ್ರಾಂ. ಎರಡು ವರ್ಷದವರೆಗಿನ ಮಕ್ಕಳಿಗೆ ಡಿ ಹನಿ ಕೊಡಲು ಮಕ್ಕಳ ಆರೋಗ್ಯ ಕೇಂದ್ರದವರೇ ಹೇಳುತ್ತಾರೆ. ವಿಟಮಿನ್ ಡಿ ಸೇರಿಸಿದ ಹಾಲು ಕೊಳ್ಳಿ. ಊರಿಂದ ತಂದ ಹೆಚ್ಚಿನ ಶಕ್ತಿಯ ಮಾತ್ರೆಗಳನ್ನು ಮಾತ್ರ ರಕ್ತ ಪರೀಕ್ಷೆ ಇಲ್ಲದೆ ನುಂಗಬೇಡಿ.

5. ಯಾರೂ ಮಾತಾಡಿಸದಿದ್ದರೆ ಅದು ಸಿಟ್ಟಲ್ಲ

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಇರುತ್ತಾರೆ. ಮೊದಮೊದಲು ನನ್ನಲ್ಲೇ ಏನೋ ತಪ್ಪಿದೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಪರಸ್ಪರವೂ ಹಾಗೆಯೇ. ಮನೆಗೆ ಹೋದರೆ ಚಪ್ಪಲಿ ಬಿಡುವುದು ನಮ್ಮ ಹಾಗೇ. ಬಾಸ್‌ಗೆ 'ಸರ್' ಅನ್ನುವಂತಿಲ್ಲ, ಹೆಸರು ಹಿಡಿದೇ ಕರೆಯಬೇಕು. ಹಿಂದೆ ಇಲ್ಲೂ ಹುದ್ದೆ ಹಿಡಿದು ಕರೆಯುವ ಪದ್ಧತಿ ಇತ್ತಂತೆ. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬ ಆರೋಗ್ಯ ಇಲಾಖೆಯ ಮುಖ್ಯಸ್ಥರು ಎಲ್ಲ ನೌಕರರನ್ನೂ ಏಕವಚನದಲ್ಲೇ ಮಾತಾಡಿಸುತ್ತೇನೆ ಎಂದು ಹೇಳಿದ್ದು ಆ ಬದಲಾವಣೆಯ ಗುರುತಾಯಿತು. ನನಗೆ ನಾಲಿಗೆ ತಿರುಗಲು ಆರು ತಿಂಗಳು ಹಿಡಿಯಿತು.

ಮಾತು ಶುರುವಾಗುವ ಜಾಗ ಒಂದೇ: 'ಫೀಕಾ'. ಕಾಫಿ ಜೊತೆ ದಾಲ್ಚಿನ್ನಿ ಬನ್. ಕೆಲಸ ಜಾಸ್ತಿ ಇದೆ ಅಂತ ತಪ್ಪಿಸಿಕೊಳ್ಳಬೇಡಿ, ಪರಿಚಯ ಆಗುವುದೇ ಅಲ್ಲಿ. ನಮ್ಮ ಆಫೀಸಿನಲ್ಲಿ ಎರಡನೇ ಫೀಕಾ ಮೂರು ಗಂಟೆಗೆ. ಡಿಸೆಂಬರಿನಲ್ಲಿ ಸರಿಯಾಗಿ ಹೊತ್ತು ಮುಳುಗುವಾಗ.

ನವೆಂಬರ್ ಕೊನೆಗೆ ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ವಾರಗಳು, ಶುರುವಾದರೆ ಕಿಟಕಿ ಕಿಟಕಿಯಲ್ಲೂ ಏಳು ಬತ್ತಿಯ ವಿದ್ಯುತ್ ದೀಪ, ಕಾಗದದ ನಕ್ಷತ್ರ. ಪರದೆಯನ್ನೂ ಎಳೆಯುವುದಿಲ್ಲ. ನಮ್ಮ ಕಾರ್ತಿಕ ಮಾಸವೂ ಹೆಚ್ಚುಕಡಿಮೆ ಆ ಸುಮಾರಿಗೇ ಮುಗಿಯುತ್ತದೆ. ನಾನು ಕಿಟಕಿಯಲ್ಲಿಟ್ಟ ದೀಪ ತೆಗೆಯದೆ ಮುಂದುವರಿಸುತ್ತೇನೆ.

ಮನೆಯಿಂದ ಹೊರಡಲೇ ಮನಸ್ಸಾಗದೆ, ಊಟ, ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದರೆ 'ಹೊಸ ಊರು, ಸರಿಹೋಗುತ್ತೆ' ಅಂತ ಕೂರಬೇಡಿ. ಚಳಿಗಾಲದಲ್ಲಿ ಬರುವ ಖಿನ್ನತೆಯನ್ನು ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು 1984ರಲ್ಲೇ ವಿವರಿಸಿದ್ದಾರೆ. ಅದಕ್ಕೆ ಚಿಕಿತ್ಸೆ ಇದೆ. ಸ್ವೀಡನ್‌ನಲ್ಲಿ 1177ಕ್ಕೆ ಫೋನ್ ಮಾಡಿದರೆ ನರ್ಸ್ ಮಾತಾಡುತ್ತಾರೆ. ಜೀವದ ಅಪಾಯ ಅನ್ನಿಸಿದರೆ 112.

6. ಬೇಸಿಗೆಗೂ ತಯಾರಿ ಬೇಕು

ಸಂಕ್ರಾಂತಿ ಹೊತ್ತಿಗೆ ಹಗಲು ಮುಕ್ಕಾಲು ಗಂಟೆಯ ಹತ್ತಿರ ಬೆಳೆದಿರುತ್ತದೆ. ಯುಗಾದಿ ಸುಮಾರಿಗೆ ದಿನಕ್ಕೆ ಐದು ನಿಮಿಷಕ್ಕೂ ಜಾಸ್ತಿ ಏರುತ್ತಿರುತ್ತದೆ. ಮೇ ಬಂತೆಂದರೆ ಉಲ್ಟಾ ತಕರಾರು: ಮಕ್ಕಳು ಮಲಗುವುದಿಲ್ಲ. "ಇನ್ನೂ ಬೆಳಕಿದೆಯಲ್ಲಮ್ಮ" ಅನ್ನುವ ಮಗಳಿಗೆ ಹೇಳಲು ಉತ್ತರ ಇರುವುದಿಲ್ಲ. ಬೆಳಕು ಪೂರ್ತಿ ತಡೆಯುವ ದಪ್ಪ ಕರ್ಟನ್ ಏಪ್ರಿಲ್‌ನಲ್ಲೇ ಹಾಕಿಸಿ. ಅಂಚಿನಿಂದ ನುಸುಳುವ ಬೆಳಕಿಗೆ ಟೇಪ್ ಅಂಟಿಸಿದರೂ ನಡೆಯುತ್ತದೆ.

ಒಂದು ಜೂನ್‌ನಲ್ಲಿ ಅಮ್ಮ ಬಂದಿದ್ದಳು. ಮೊದಲ ದಿನ ಮುಸ್ಸಂಜೆಗೆ ದೀಪ ಹಚ್ಚಬೇಕು ಅಂತ ಕಾದಳು. ಏಳಾಯಿತು, ಎಂಟಾಯಿತು, ಒಂಬತ್ತಾಯಿತು. ದೀಪ ಹಚ್ಚದೆ ಉಣ್ಣುವ ಅಭ್ಯಾಸ ಅವಳಿಗಿಲ್ಲ. ಹತ್ತು ಗಂಟೆಗೆ ಕಿಟಕಿ ಹತ್ತಿರ ನಿಂತು "ಇವನು ಮುಳುಗೋದು ಯಾವಾಗ್ಲೇ?" ಅಂದಳು. ಮರುದಿನ ಅವಳೇ ದಾರಿ ಕಂಡುಕೊಂಡಳು. ಆರೂವರೆಗೆ ಕರ್ಟನ್ ಎಳೆದು, ಕತ್ತಲು ಮಾಡಿಕೊಂಡು, ದೀಪ ಹಚ್ಚಿ ಕೈಮುಗಿದಳು. ಆಮೇಲೆ ಕರ್ಟನ್ ಸರಿಸಿ, ಒಣಗಲು ಹಾಕಿದ್ದ ಹಪ್ಪಳ ತಿರುವಿ ಹಾಕಲು ಬಾಲ್ಕನಿಯ ಬಿಸಿಲಿಗೆ ಹೋದಳು.