ಗ್ಯಾಸಿನ ಗುಳಿಗೆ ಬಿಡಿಸುವ ಕೆಲಸ: ಸಿಂಧನೂರಿನಲ್ಲಿ ನನ್ನ ಅನುಭವ

ಸಿಂಧನೂರಿನಲ್ಲಿ ಸಾಮಾನ್ಯ ವೈದ್ಯನಾಗಿರುವ ನನ್ನ ಬಳಿಗೆ ಎದೆಯುರಿ, ಹುಳಿತೇಗು ಎಂದು ಬರುವವರಲ್ಲಿ ಹೆಚ್ಚಿನವರು ಅದಾಗಲೇ ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಗುಳಿಗೆಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. "ದಿನಾ ಗುಳಿಗಿ ನುಂಗಾಕತ್ತೀನ್ರಿ ಸರ, ಆದ್ರೂ ಎದಿ ಉರಿಯೋದು ನಿಂತಿಲ್ಲ" ಎನ್ನುತ್ತಾರೆ. ಹೀಗಾಗಿ ಹೊಸ ಔಷಧ ಬರೆಯುವುದಕ್ಕಿಂತಲೂ ಇರುವ ಗುಳಿಗೆಯನ್ನು ಸರಿಯಾದ ಹೊತ್ತಿಗೆ ನುಂಗುವಂತೆ ಮಾಡುವುದು, ಆಮೇಲೆ ಅದನ್ನು ಬಿಡಿಸುವುದೇ ನನ್ನ ಕೆಲಸದ ದೊಡ್ಡ ಪಾಲಾಗಿದೆ.

ಆದರೆ ಎದೆಯುರಿ ಎಂದವರಿಗೆ ನಾನು ಮೊದಲು ಹೊಟ್ಟೆಯ ಪ್ರಶ್ನೆ ಕೇಳುವುದಿಲ್ಲ. ಚೀಲ ಹೊತ್ತಾಗ ಎದೆ ಬಿಗಿಯುತ್ತದೆಯೇ, ಬೆವರು ಬರುತ್ತದೆಯೇ, ನೋವು ಎಡಗೈಗೋ ದವಡೆಗೋ ಹರಿಯುತ್ತದೆಯೇ ಎಂದು ವಿಚಾರಿಸುತ್ತೇನೆ. ಸಕ್ಕರೆ ಕಾಯಿಲೆ ಇರುವ ನಡುವಯಸ್ಸಿನವರಾದರೆ ಲಕ್ಷಣ ಅಸ್ಪಷ್ಟವಾಗಿದ್ದರೂ ಇಸಿಜಿ ಆದ ಮೇಲೆಯೇ ಮುಂದಿನ ಮಾತು. ಸೋಡಾ ಕುಡಿದು ತೇಗಿದಾಗ ಹಗುರವಾಯಿತು ಎಂದ ಮಾತ್ರಕ್ಕೆ ಹೃದಯ ಸರಿಯಾಗಿದೆ ಎಂದಾಗುವುದಿಲ್ಲ. ಅನ್ನ ಇಳಿಯಲು ಕಷ್ಟ, ಕಾರಣವಿಲ್ಲದೆ ಇಳಿಯುವ ತೂಕ, ಕಪ್ಪು ಮಲ, ರಕ್ತವಾಂತಿ ಅಥವಾ ರಕ್ತಹೀನತೆ ಇದ್ದರೆ ತಡಮಾಡದೆ ಎಂಡೋಸ್ಕೋಪಿಗೆ (ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆ) ರಾಯಚೂರಿಗೋ ಬಳ್ಳಾರಿಗೋ ಕಳುಹಿಸುತ್ತೇನೆ.

ಇವೆಲ್ಲ ಇಲ್ಲವೆಂದು ಖಚಿತವಾದ ಮೇಲೆ, ಜಠರದ ಆಮ್ಲ ನಮ್ಮ ಶತ್ರುವಲ್ಲ ಎಂಬುದನ್ನು ಅವರಿಗೆ ಮನದಟ್ಟು ಮಾಡಬೇಕಾಗುತ್ತದೆ. ಅದಕ್ಕಾಗಿ ನಾನು ಹಳೆಯ ಘಟನೆಯೊಂದನ್ನು ಹೇಳುವುದುಂಟು. 1822ರಲ್ಲಿ ಅಮೆರಿಕದಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಯ ಗಾಯ ಪೂರ್ತಿ ಮುಚ್ಚದೆ ಜಠರಕ್ಕೊಂದು ರಂಧ್ರವೇ ಉಳಿದುಬಿಟ್ಟಿತು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆ ರಂಧ್ರದಿಂದ ಜಠರರಸ ತೆಗೆದು, ಸೀಸೆಯಲ್ಲಿ ಮಾಂಸದೊಡನೆ ಬೆಚ್ಚಗಿಟ್ಟು, ದೇಹದ ಹೊರಗೂ ಅದು ಮಾಂಸವನ್ನು ಕರಗಿಸುವುದನ್ನು ಕಂಡು 1833ರಲ್ಲಿ ಪ್ರಕಟಿಸಿದ. ದಿನಕ್ಕೆ ಸುಮಾರು 2 ಲೀಟರಿನಷ್ಟು ಸ್ರವಿಸುವ ಈ ರಸದಲ್ಲಿನ ಹೈಡ್ರೋಕ್ಲೋರಿಕ್ ಆಮ್ಲವು ಪೆಪ್ಸಿನೋಜನ್ ಅನ್ನು ಪೆಪ್ಸಿನ್ ಆಗಿ ಬದಲಿಸಿ ಪ್ರೋಟೀನಿನ ಜೀರ್ಣವನ್ನು ಆರಂಭಿಸುತ್ತದೆ, ಆಹಾರದೊಡನೆ ಬಂದ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ, ಕಾಳು-ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸೇರಲು ನೆರವಾಗುತ್ತದೆ, ಆಹಾರದಲ್ಲಿನ ಬಿ12 ಜೀವಸತ್ವವನ್ನು ಬಿಡಿಸಿಕೊಡುತ್ತದೆ. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯದ ಮೇಲೆಯೇ ಬದುಕುವ ಸಸ್ಯಾಹಾರಿಗೆ ಈ ಕೊನೆಯ ಎರಡು ಕೆಲಸಗಳು ಸಣ್ಣವಲ್ಲ. ವರ್ಷಗಟ್ಟಲೆ ಗುಳಿಗೆ ನುಂಗಿದವರು ಕಾಲು ಜೋಮು, ಸುಸ್ತು ಎಂದಾಗ ನಾನು ಬಿ12 ಪರೀಕ್ಷೆ ಬರೆಯುವುದು ಇದೇ ಕಾರಣಕ್ಕೆ.

ಹೆಚ್ಚಿನವರಲ್ಲಿ ತೊಂದರೆ ಇರುವುದು ಆಮ್ಲದ ಪ್ರಮಾಣದಲ್ಲಿ ಅಲ್ಲ, ಅದು ಇರಬಾರದ ಜಾಗಕ್ಕೆ ಏರುವುದರಲ್ಲಿ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ, ಅನ್ನನಾಳಕ್ಕೆ ಅಂಥದ್ದಿಲ್ಲ. ಇವೆರಡರ ನಡುವಿನ ಸ್ನಾಯುವಿನ ಉಂಗುರ ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡಾಗ ಆಮ್ಲ ಮೇಲೇರುತ್ತದೆ. ಹೊಟ್ಟೆ ಬಿರಿಯುವಷ್ಟು ಊಟ, ಬೊಜ್ಜು, ಬಸಿರು, ತಂಬಾಕು ಇವೆಲ್ಲ ಅದಕ್ಕೆ ಅನುಕೂಲ ಮಾಡಿಕೊಡುತ್ತವೆ. ಗುಟ್ಕಾ ಜಗಿಯುವವರಿಗೆ ಮಾತ್ರ ನಾನು ರಿಯಾಯಿತಿ ತೋರುವುದಿಲ್ಲ.

ಖಾರದ ವಿಷಯದಲ್ಲಿ ನನ್ನ ನಿಲುವು ಬೇರೆ. ಈ ಸೀಮೆಯವರಿಗೆ ಖಾರ ಪೂರ್ತಿ ಬಿಡಿ ಎಂದರೆ ಅವರು ಬಿಡುವುದು ಖಾರವನ್ನಲ್ಲ, ವೈದ್ಯರನ್ನು. ಸಂಜೆ ಒಗ್ಗರಣೆ-ಮಿರ್ಚಿ ತಿಂದಾಗ ಮೆಣಸಿನಕಾಯಿಯ ಜೊತೆಗೆ ಕರಿದ ಎಣ್ಣೆಯೂ ಒಳಸೇರುತ್ತದೆ, ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಅದರ ಮೇಲೆ ರಾತ್ರಿ ಹತ್ತಕ್ಕೆ ಅನ್ನ ಉಂಡು ಹತ್ತೂವರೆಗೆ ಮಲಗಿದರೆ ಉರಿ ಏಳದಿರುವುದು ಹೇಗೆ? ಆದ್ದರಿಂದ ಏನು ತಿಂದಿರಿ ಎನ್ನುವ ಮೊದಲು ಎಷ್ಟು ಹೊತ್ತಿಗೆ ತಿಂದಿರಿ, ಎಷ್ಟು ಹೊತ್ತಿಗೆ ಮಲಗಿದಿರಿ ಎಂದು ಕೇಳುತ್ತೇನೆ. ಊಟಕ್ಕೂ ನಿದ್ದೆಗೂ ನಡುವೆ 3 ತಾಸು ಇರಬೇಕು. ರೈಸ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಇದನ್ನು ಬೆಳಗಿನ ನಿದ್ದೆಗೆ ಹೊಂದಿಸಿ ಹೇಳಬೇಕಾಗುತ್ತದೆ.

ಮಲಗುವ ಕಡೆ ತಲೆಯ ಭಾಗ 15ರಿಂದ 20 ಸೆಂಟಿಮೀಟರ್ ಎತ್ತರವಿರಬೇಕು. ಮಂಚದ ಕಾಲಿಗೆ ಇಟ್ಟಿಗೆ ಕೊಡಿ ಎಂದರೆ, ನೆಲದಲ್ಲೋ ಮಾಳಿಗೆಯ ಮೇಲೋ ಮಲಗುವವರಿಗೆ ಅದು ಉಪಯೋಗಕ್ಕೆ ಬಾರದು. ಅವರಿಗೆ ಹಾಸಿಗೆಯ ಕೆಳಗೆ ಸೊಂಟದ ಮೇಲ್ಭಾಗದಿಂದ ತಲೆಯವರೆಗೆ ಕೌದಿಗಳನ್ನು ಇಳಿಜಾರಾಗಿ ಮಡಿಚಿಡಲು ಹೇಳುತ್ತೇನೆ. ತಲೆದಿಂಬು ಮಾತ್ರ ಹೆಚ್ಚಿಸಿದರೆ ಹೊಟ್ಟೆ ಮಡಿಚಿಕೊಂಡು ಒತ್ತಡ ಹೆಚ್ಚುತ್ತದೆ. ಎಡ ಮಗ್ಗುಲಿಗೆ ಮಲಗುವುದು ಖರ್ಚಿಲ್ಲದ ಉಪಾಯ, ಹಲವರಿಗೆ ಅದರಿಂದ ಗುಣ ಸಿಕ್ಕಿದೆ.

ಇನ್ನು ಗುಳಿಗೆಯ ಹೊತ್ತು. ಪ್ಯಾಂಟೊಪ್ರಜೋಲ್ ಬಗೆಯ ಔಷಧಗಳು ಜಠರದ ಕೋಶಗಳಲ್ಲಿ ಆಮ್ಲ ಸುರಿಸುವ ಪಂಪುಗಳ ಪೈಕಿ ಆಗ ಕೆಲಸ ಮಾಡುತ್ತಿರುವವನ್ನು ಮಾತ್ರ ತಡೆಯುತ್ತವೆ, ಆ ಪಂಪುಗಳು ಚುರುಕಾಗುವುದು ಉಣ್ಣುವಾಗ. ಹಾಗಾಗಿ ಬೆಳಗಿನ ಉಪಾಹಾರಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮೊದಲು ನುಂಗಬೇಕು. ಉಂಡ ಮೇಲೆ, ಉರಿ ಎದ್ದಾಗಲಷ್ಟೇ ನುಂಗುವವರಿಗೆ ಅದು ಅರ್ಧ ಫಲವನ್ನೂ ಕೊಡುವುದಿಲ್ಲ. ಪೂರ್ಣ ಪರಿಣಾಮಕ್ಕೆ ಕೆಲವು ದಿನಗಳಾದರೂ ಬೇಕು. ಹೊತ್ತು ಬದಲಿಸಿದ್ದರಿಂದಲೇ, ಗುಳಿಗೆ ಬದಲಿಸದೆ, ಸುಧಾರಿಸಿದವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸಾಮಾನ್ಯವಾಗಿ 8 ವಾರಗಳ ನಂತರ ಬಿಡಿಸಲು ತೊಡಗುತ್ತೇನೆ, ಆದರೆ ಒಮ್ಮೆಲೇ ಅಲ್ಲ. ಆಮ್ಲ ತಗ್ಗಿದ್ದಷ್ಟು ಕಾಲ ದೇಹ ಆಮ್ಲ ಸುರಿಸಲು ಪ್ರಚೋದಿಸುವ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸಿಕೊಂಡಿರುತ್ತದೆ. ಗುಳಿಗೆ ಥಟ್ಟನೆ ನಿಂತರೆ ಕೆಲವು ವಾರ ಆಮ್ಲ ಮೊದಲಿಗಿಂತಲೂ ಹೆಚ್ಚು ಉಕ್ಕಿ, ರೋಗಿಯು ರೋಗವೇ ಮರಳಿತೆಂದು ಹೆದರಿ ಔಷಧದಂಗಡಿಗೆ ಓಡುತ್ತಾನೆ. ಇದನ್ನು ಮೊದಲೇ ಹೇಳಿ, ಪ್ರಮಾಣವನ್ನು ಅರ್ಧಕ್ಕಿಳಿಸಿ, ನಂತರ ದಿನ ಬಿಟ್ಟು ದಿನ ಕೊಟ್ಟು, ನಡುವೆ ಉರಿ ಎದ್ದರೆ ಆಂಟಾಸಿಡ್ ದ್ರವ ಅಥವಾ ರಾತ್ರಿ ಆಮ್ಲ ತಗ್ಗಿಸುವ ಇನ್ನೊಂದು ಬಗೆಯ ಗುಳಿಗೆಯಾದ ಫ್ಯಾಮೋಟಿಡಿನ್ ಬಳಸಲು ಹೇಳುತ್ತೇನೆ. ಅಡುಗೆ ಸೋಡಾ ಬೇಡವೆನ್ನುತ್ತೇನೆ, ಬಿಪಿ ಇದ್ದವರಿಗೆ ಅದರ ಸೋಡಿಯಂ ಒಳ್ಳೆಯದಲ್ಲ.

ಎಲ್ಲರಿಗೂ ಬಿಡಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಅನ್ನನಾಳದಲ್ಲಿ ತೀವ್ರ ಹುಣ್ಣಾದವರಿಗೆ, ಹಿಂದೆ ಜಠರದಲ್ಲಿ ರಕ್ತಸ್ರಾವವಾಗಿ ಈಗ ಹೃದಯಕ್ಕಾಗಿ ಆಸ್ಪಿರಿನ್ ನುಂಗಲೇಬೇಕಾದವರಿಗೆ ಈ ಗುಳಿಗೆ ಮುಂದುವರಿಯಬೇಕು. ಅಂಥವರ ಚೀಟಿಯಲ್ಲಿ ಅದರ ಕಾರಣವನ್ನು ಕನ್ನಡದಲ್ಲೇ ದೊಡ್ಡಕ್ಷರದಲ್ಲಿ ಬರೆಯುತ್ತೇನೆ. ನೆರೆಮನೆಯವರಿಗೆ ಬಿಡಿಸಿದ್ದನ್ನು ಕೇಳಿ ಇವರೂ ತಾವಾಗಿಯೇ ನಿಲ್ಲಿಸಿಬಿಡುವುದುಂಟು.