ಕಾಲಿನ ರಕ್ತಸಂಚಾರಕ್ಕೆ ಮಾತ್ರೆ: ಸುರಕ್ಷಿತ ಸೇವನೆಯ ಕ್ರಮ

ನಡೆಯುವಾಗ ಮೀನಖಂಡದಲ್ಲಿ ಹಿಡಿದುಕೊಂಡು, ನಿಂತೊಡನೆ ಬಿಡುವ ನೋವು ಕಾಲಿನ ರಕ್ತನಾಳ ಕಿರಿದಾಗಿರುವುದರ ಲಕ್ಷಣವಾಗಿರಬಹುದು. ಔಷಧ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳುವ ಮೊದಲು ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಅಥವಾ ಸಮೀಪದ ಆಸ್ಪತ್ರೆಯಲ್ಲಿ ಪಾದದ ನಾಡಿ, ಸಕ್ಕರೆ, ರಕ್ತದೊತ್ತಡ ಮತ್ತು ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ.

ವೈದ್ಯರು ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬರೆಯುತ್ತಾರೆ. ಇವುಗಳ ಮುಖ್ಯ ಉದ್ದೇಶ ಹೃದಯಾಘಾತ, ಪಾರ್ಶ್ವವಾಯುಗಳನ್ನು ತಡೆಯುವುದು. ಆದ್ದರಿಂದ ಕಾಲುನೋವು ಇಳಿಯಿತೆಂದೋ, ಹಲ್ಲು ಕೀಳಿಸಬೇಕೆಂದೋ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಇವುಗಳೊಂದಿಗೆ ನೋವಿನ ಮಾತ್ರೆಗಳಾದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳನ್ನು ಸ್ವಂತ ನಿರ್ಧಾರದಿಂದ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಡೆಯುವ ದೂರ ಹೆಚ್ಚಿಸುವ ಸಿಲೊಸ್ಟಜಾಲ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆಳಗಿನ ಉಪಾಹಾರ ಮತ್ತು ರಾತ್ರಿಯ ರೊಟ್ಟಿ ಊಟಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಅಥವಾ 2 ಗಂಟೆಯ ನಂತರ ಅದನ್ನು ಸೇವಿಸಬೇಕು. ಅದರ ಗುಣ ಕಾಣಲು 2ರಿಂದ 4 ವಾರ, ಕೆಲವರಲ್ಲಿ 12 ವಾರ ಬೇಕಾಗುವುದರಿಂದ ಅವಸರಪಟ್ಟು ಪ್ರಮಾಣ ಹೆಚ್ಚಿಸಿಕೊಳ್ಳಬೇಡಿ. ಹೃದಯ ವೈಫಲ್ಯವಿರುವವರು ಈ ಮಾತ್ರೆಯನ್ನು ತೆಗೆದುಕೊಳ್ಳಲೇಬಾರದು. ಆಮ್ಲೀಯತೆಗೆ ಒಮೆಪ್ರಜೋಲ್ ನುಂಗುವ ಅಭ್ಯಾಸವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಏಕೆಂದರೆ ಅದು ಸಿಲೊಸ್ಟಜಾಲ್‌ನ ಪ್ರಭಾವವನ್ನು ಹೆಚ್ಚಿಸುತ್ತದೆ, ಕ್ಲೊಪಿಡೊಗ್ರೆಲ್‌ನದನ್ನು ಕುಗ್ಗಿಸುತ್ತದೆ.

ಬೀಡಿ, ಗುಟ್ಕಾ ಬಿಡದೆ ಮಾತ್ರೆಯಿಂದ ಪೂರ್ಣ ಪ್ರಯೋಜನ ಸಿಗದು. ನಮ್ಮ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಮಾತ್ರೆಗಳನ್ನು ಕಿಟಕಿಯ ಬಳಿಯಲ್ಲಾಗಲಿ ಬೈಕಿನ ಡಿಕ್ಕಿಯಲ್ಲಾಗಲಿ ಇಡಬೇಡಿ.

ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ತೀವ್ರವಾಗಿ ನೋಯತೊಡಗಿದರೆ ಮುಂದಿನ ಮಾತ್ರೆಗಾಗಿ ಕಾಯದೆ 108ಕ್ಕೆ ಕರೆ ಮಾಡಿ.